ಮೂರನೇ ಗೋಪುರದ ರೆಕ್ಕೆ

ಮಾರ್ಚ್ ೪

ಪ್ರೀತಿಯ ಮರಕುಟಿಗನಿಗೆ,

ನೀನು ಆ ದ್ವೀಪಕ್ಕೆ ಹೋಗಿ ಕುಳಿತ ಮೇಲೆ ಈ ಮನೆಯಲ್ಲಿ ನನ್ನ ಚಹಾ ಚೆನ್ನಾಗಿಲ್ಲ ಎನ್ನುವವರೇ ಇಲ್ಲ. ನಿನ್ನಣ್ಣ ಕೊಟ್ಟಿದ್ದನ್ನು ಕುಡಿದು ಎದ್ದು ಹೋಗುತ್ತಾರೆ. ಬೈಯುವ ಮೈದುನನಿಲ್ಲದೆ ಚಹಾ ದಿನದಿಂದ ದಿನಕ್ಕೆ ಕೆಡುತ್ತಿದೆ.

ಎರಡು ಸುದ್ದಿಯಿದೆ. ನಿನ್ನಣ್ಣ ಈಗ ನಮ್ಮ ಕಾರ್ಖಾನೆಯಲ್ಲಿ ಹಲಗೆ ಒತ್ತುವ ಇಡೀ ಪ್ರೆಸ್ ವಿಭಾಗಕ್ಕೆ ಮುಖ್ಯಸ್ಥರು. ಸ್ವಂತ ಕೋಣೆ, ಗಾಜಿನ ಬಾಗಿಲು, ಬಾಗಿಲ ಮೇಲೆ ಹೆಸರು. ಮೊದಲ ದಿನವೇ ಬಾಗಿಲು ತೆರೆದಿದೆ ಎಂದುಕೊಂಡು ನುಗ್ಗಿ ಹಣೆ ಊದಿಸಿಕೊಂಡು ಮನೆಗೆ ಬಂದರು. ಯಾರಿಗೂ ಹೇಳಬೇಡ ಎಂದಿದ್ದಾರೆ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಇನ್ನೊಂದು, ನನ್ನನ್ನು ರಾಳ ಬೆರೆಸುವ ಕಡೆಯಿಂದ ತೆಗೆದು ಪರೀಕ್ಷೆ ಕೋಣೆಗೆ ಹಾಕಿದ್ದಾರೆ. ಮೊನ್ನೆ ಸೋಮವಾರದಿಂದ ನನ್ನ ಕೆಲಸವೆಂದರೆ ಮರದ ತುಂಡುಗಳನ್ನು ಬಗ್ಗಿಸಿ, ಎಳೆದು, ಮುರಿದು ನೋಡುವುದು. ಮುರಿಯುವುದಕ್ಕೂ ಸಂಬಳ ಕೊಡುತ್ತಾರೆಂದು ಗೊತ್ತಿದ್ದರೆ ಮದುವೆಗೆ ಮುಂಚೆಯೇ ಸೇರುತ್ತಿದ್ದೆ.

ಅಲ್ಲಿ ಮರವನ್ನು ಅದೇನು ಮಾಡುತ್ತೀರಿ ಎಂದು ನೀನು ಪ್ರತಿ ಸಲ ಕೇಳುತ್ತೀಯ. ಕೇಳು. ದಿಮ್ಮಿಯನ್ನು ತಿರುಗಿಸುತ್ತ, ಸೇಬಿನ ಸಿಪ್ಪೆ ಸುಲಿದ ಹಾಗೆ ಉದ್ದಕ್ಕೂ ತೆಳ್ಳನೆಯ ಹಾಳೆ ತೆಗೆಯುತ್ತಾರೆ. ಆ ಹಾಳೆಗಳನ್ನು ತೊಟ್ಟಿಯಲ್ಲಿ ಕುದಿಸಿ, ಮರ ತನ್ನೊಳಗೆ ತಾನೇ ಇಟ್ಟುಕೊಂಡಿರುವ ಅಂಟನ್ನು ಅರ್ಧದಷ್ಟು ಕರಗಿಸುತ್ತಾರೆ. ಒಣಗಿಸುತ್ತಾರೆ. ಆಮೇಲೆ ನಮ್ಮ ರಾಳ ಕುಡಿಸಿ, ಒಂದರ ಮೇಲೊಂದು ಪೇರಿಸಿ, ಬಿಸಿ ಪ್ರೆಸ್ಸಿನಲ್ಲಿ ಅದುಮುತ್ತಾರೆ. ಹೆಬ್ಬೆರಳಿನ ದಪ್ಪ ಒಳಗೆ ಹೋದದ್ದು ಕಿರುಬೆರಳಿನ ದಪ್ಪವಾಗಿ ಹೊರಗೆ ಬರುತ್ತದೆ. ಅದನ್ನು ಮುರಿಯಲು ಹೋದರೆ ನನ್ನ ಯಂತ್ರವೇ ನರಳುತ್ತದೆ. ನಮ್ಮಪ್ಪ ಬಡಗಿ ಅಲ್ಲವೇ, ಅವರ ಕೈಗೆ ಒಂದು ತುಂಡು ಕೊಟ್ಟಿದ್ದರೆ, "ಇದು ಮರ ಅಲ್ಲ ಕಣೆ, ಮರದ ವೇಷ ಹಾಕ್ಕೊಂಡಿರೋ ಕಬ್ಬಿಣ" ಅನ್ನುತ್ತಿದ್ದರು. ಇದರಲ್ಲೆಲ್ಲ ಒಣಗಿಸುವುದೇ ಬೇಸರದ ಕೆಲಸ. ಪ್ರೆಸ್ಸಿನ ಮುಂದೆ ನಿಲ್ಲಲು ಎಲ್ಲರಿಗೂ ಇಷ್ಟ, ಹಾಳೆ ಒಣಗಲಿ ಎಂದು ಕಾಯಲು ಯಾರಿಗೂ ಇಷ್ಟವಿಲ್ಲ.

ಆ ಹಲಗೆಗಳಿಂದ ಮಾಡಿದ ರೆಕ್ಕೆಗಳೇ ಗಾಳಿಯಿಂದ ಕರೆಂಟು ತೆಗೆಯುವ ನಿಮ್ಮ ಗೋಪುರಗಳಿಗೆ ಬರುತ್ತಿರುವುದು. ನಿನ್ನಣ್ಣ ಒತ್ತಿದ ಮರ ನಿನ್ನ ತಲೆಯ ಮೇಲೆ ತಿರುಗುತ್ತದೆ. ತಲೆ ಜೋಪಾನ.

ಅತ್ತಿಗೆ


ಮಾರ್ಚ್ ೧೯

ಅತ್ತಿಗೆಗೆ ನಮಸ್ಕಾರ,

ರೆಕ್ಕೆಗಳು ಬಂದವು, ಏರಿದವು, ತಿರುಗುತ್ತಿವೆ. ಬಿಳಿ ಬಣ್ಣ ಬಳಿದುಕೊಂಡು ಬಂದಿರುವುದರಿಂದ ಮರವೆಂದು ಯಾರೂ ನಂಬುವುದಿಲ್ಲ. ನಾನು ಮಾತ್ರ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ. ಎಲ್ಲರಿಗೂ ಎಂದರೆ ಇಬ್ಬರಿಗೆ. ರೆಕ್ಕೆ ಏರಿಸಲು ಬಂದಿದ್ದ ತಂಡ ವಾಪಸು ಹೋಯಿತು, ಈಗ ಇಲ್ಲಿ ನಾವಿರುವುದೇ ಮೂವರು. ನಮ್ಮ ಮುಖ್ಯಸ್ಥರನ್ನು ಕ್ಯಾಪ್ಟನ್ ಎನ್ನುತ್ತೇವೆ. ಹಡಗಿನ ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ನೆಲದ ಮೇಲೂ ಕಾಲು ಅಗಲಿಸಿಯೇ ನಡೆಯುತ್ತಾರೆ. ಇನ್ನೊಬ್ಬರು ಅಡುಗೆಯವರು. ಅವರ ಡಬ್ಬಿ ಮೀನು ತಿಂದ ಮೇಲೆ ನಿಮ್ಮ ಚಹಾದ ಬಗ್ಗೆ ನಾನು ಆಡಿದ್ದ ಮಾತನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ.

ಫೋನು ಹಿಡಿಯುವುದಿಲ್ಲ. ಕ್ಯಾಪ್ಟನ್ ಮೇಜಿನ ಮೇಲೆ ರೇಡಿಯೋ ಇದೆ, ಅದರಲ್ಲಿ ಕಂಪನಿಯ ಮಾತು ಬಿಟ್ಟು ಬೇರೆ ಆಡುವಂತಿಲ್ಲ. ದೋಣಿ ಬಂದರೆ ಪತ್ರ, ಇಲ್ಲದಿದ್ದರೆ ಇಲ್ಲ.

ನೀವಿಟ್ಟ ಹೆಸರು ಇಲ್ಲಿಯೂ ನನಗೆ ಅಂಟಿಕೊಂಡಿದೆ. ದಿನವೂ ಚಕ್ರ ನಿಲ್ಲಿಸಿಕೊಂಡು, ಸಣ್ಣ ಸುತ್ತಿಗೆಯಿಂದ ರೆಕ್ಕೆಗಳನ್ನು ಬಡಿಯುತ್ತ ಹೋಗುವುದೇ ನನ್ನ ಕೆಲಸ. ಗಟ್ಟಿ ಇದ್ದರೆ ಟಕ್ ಎನ್ನುತ್ತದೆ, ಒಳಗೆ ಪದರ ಬಿಟ್ಟಿದ್ದರೆ ಧಬ್ ಎನ್ನುತ್ತದೆ. ನಿಮ್ಮ ಮರ ಎಲ್ಲ ಕಡೆ ಟಕ್ ಎನ್ನುತ್ತದೆ. ಮೂರನೇ ಗೋಪುರದ ಒಂದು ರೆಕ್ಕೆ ಮಾತ್ರ ಬುಡದ ಹತ್ತಿರ, ಅಂಗೈಯಷ್ಟು ಜಾಗದಲ್ಲಿ ಧಬ್ ಎಂದ ಹಾಗಾಯಿತು. ಬಣ್ಣ ದಪ್ಪಗೆ ಕೂತಿರಬೇಕು. ಕ್ಯಾಪ್ಟನ್‌ಗೆ ಹೇಳಿಲ್ಲ, ಹೇಳಿದರೆ ಆ ಕ್ಷಣವೇ ರೇಡಿಯೋ ಹಿಡಿದು ಲೋಕಕ್ಕೆಲ್ಲ ಸಾರುತ್ತಾರೆ. ಊಟಕ್ಕೆ ಕೂತಾಗ ಅಣ್ಣನನ್ನು ಒಂದು ಮಾತು ಕೇಳಿ ನೋಡಿ.

ಬಾಗಿಲ ಮೇಲೆ ಅಣ್ಣನ ಹೆಸರು ಎಂದು ಓದಿ ಎಷ್ಟು ಸಂತೋಷವಾಯಿತೆಂದು ಬರೆಯಲು ಬರುವುದಿಲ್ಲ. ನನಗೆ ಸೈಕಲ್ಲು, ಈಜು, ಕೋಪ ನುಂಗುವುದು ಎಲ್ಲ ಕಲಿಸಿದವನು ಅವನೇ. ಕೊನೆಯದು ಮಾತ್ರ ನನಗೆ ಸರಿಯಾಗಿ ಬರಲಿಲ್ಲ.

ನಿಮ್ಮ ಮರಕುಟಿಗ


ಏಪ್ರಿಲ್ ೨

ಮರಕುಟಿಗನಿಗೆ,

ನಿನ್ನ ಪತ್ರ ಬಂತು. ಇಲ್ಲಿ ಎಲ್ಲ ಚೆನ್ನಾಗಿದೆ. ನಿನ್ನಣ್ಣನಿಗೆ ಕೆಲಸ ಜಾಸ್ತಿ, ಮನೆಗೆ ಬರುವುದು ತಡವಾಗುತ್ತದೆ, ಅಷ್ಟೆ.

ಆ ಧಬ್ ಸದ್ದಿನ ವಿಷಯ. ನೀನು ಹೇಳಿದ ಹಾಗೆ ಬಣ್ಣವೇ ಇರಬಹುದು. ಆದರೂ ಕೇಳುತ್ತೇನೆ, ಉತ್ತರ ಬರೆ. ರೆಕ್ಕೆಯ ಬುಡದಲ್ಲಿ, ಒಳಮುಖಕ್ಕೆ, ಬ್ಯಾಚ್ ಸಂಖ್ಯೆ ಕೊರೆದಿರುತ್ತಾರೆ. ಅದು ಎಷ್ಟು? ಆ ಜಾಗ ಅಂಗೈಯಷ್ಟೇ ಇದೆಯೋ, ಬೆಳೆದಿದೆಯೋ? ಬೆರಳಿನಿಂದ ಸವರಿದರೆ ಉಬ್ಬಿದ ಹಾಗೆ ಅನಿಸುತ್ತದೋ?

ಪ್ರತಿ ಬ್ಯಾಚಿನದೂ ಒಂದು ತುಂಡನ್ನು ನಮ್ಮಲ್ಲಿ ಎತ್ತಿಟ್ಟಿರುತ್ತಾರೆ. ನಿನ್ನ ಉತ್ತರ ಬಂದ ಮೇಲೆ ಅದನ್ನು ಕತ್ತರಿಸಿ ನೋಡುತ್ತೇನೆ. ಅಲ್ಲಿಯವರೆಗೆ ಈ ವಿಷಯ ಯಾರಿಗೂ ಹೇಳಬೇಡ. ಕ್ಯಾಪ್ಟನ್‌ಗೂ ಬೇಡ. ಯಾಕೆಂದು ಈಗ ಕೇಳಬೇಡ. ಮತ್ತೆ, ಆ ಗೋಪುರದ ಕೆಳಗೆ ಸುಮ್ಮನೆ ಓಡಾಡಬೇಡ.

ಪತ್ರ ಚಿಕ್ಕದಾಯಿತು. ಬೇಸರ ಮಾಡಿಕೊಳ್ಳಬೇಡ.

ಅತ್ತಿಗೆ


ಏಪ್ರಿಲ್ ೧೧

ಅತ್ತಿಗೆಗೆ ನಮಸ್ಕಾರ,

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ನೀವು ಹೀಗೆ ಬರೆಯುವವರಲ್ಲ. ಒಂದು ಬೈಗುಳವಿಲ್ಲ, ಒಂದು ಚಾಡಿಯಿಲ್ಲ. ಬೇರೆ ಯಾರೋ ನಿಮ್ಮ ಕೈ ಹಿಡಿದು ಬರೆಸಿದ ಹಾಗಿದೆ.

ಬ್ಯಾಚ್ ಸಂಖ್ಯೆ ಹದಿನೇಳು. ಜಾಗ ಬೆಳೆದಿದೆ. ಈಗ ನನ್ನ ಬೆರಳ ತುದಿಯಿಂದ ಮೊಣಕೈವರೆಗಿನ ಉದ್ದ. ಸವರಿದರೆ ಉಬ್ಬು ತಿಳಿಯುತ್ತದೆ.

ಅತ್ತಿಗೆ, ನನಗೆ ಅರ್ಥವಾಯಿತು. ಪರೀಕ್ಷೆ ಕೋಣೆಗೆ ನೀವು ಹೊಸಬರು. ಕಣ್ತಪ್ಪಿ ಒಂದು ಬ್ಯಾಚು ನಿಮ್ಮ ಕೈ ದಾಟಿ ಹೋಗಿದೆ. ಗಂಡ ಮುಖ್ಯಸ್ಥನಾದ ಹೊಸದರಲ್ಲೇ ಹೆಂಡತಿಯಿಂದ ತಪ್ಪಾಯಿತು ಎಂದರೆ ಅಣ್ಣ ತಲೆ ಎತ್ತಿಕೊಂಡು ಓಡಾಡುವುದು ಹೇಗೆ ಎಂದು ನೀವು ಒಳಗೊಳಗೇ ಸಾಯುತ್ತಿದ್ದೀರಿ. ಅಷ್ಟೇ ತಾನೆ? ಹೆದರಬೇಡಿ, ನಾನಿದ್ದೇನೆ.

ಮೊನ್ನೆ ಕ್ಯಾಪ್ಟನ್ ಕೇಳಿದರು. "ಏನಯ್ಯಾ, ಮೂರನೇದು ಹೇಗಿದೆ?"

"ಬಂಡೆ ಇದ್ದ ಹಾಗಿದೆ ಸರ್."

"ಹಾಗಾದ್ರೆ ಜೋರಾಗಿ ಓಡಿಸೋಣ, ಗಾಳಿ ಚೆನ್ನಾಗಿದೆ" ಎಂದು ಸಿಳ್ಳೆ ಹಾಕಿಕೊಂಡು ಹೋದರು. ನಾನು ಅವರ ಬೆನ್ನು ನೋಡುತ್ತ ನಿಂತೆ. ಅವರಿಗೆ ನಾನು ಸುಳ್ಳು ಹೇಳಿದ್ದು ಇದೇ ಮೊದಲು.

ನಾನೇ ಸರಿ ಮಾಡಿಬಿಡುತ್ತೇನೆ. ಗಾಳಿ ಬಿದ್ದ ದಿನ ಚಕ್ರಕ್ಕೆ ಬೀಗ ಹಾಕಿ, ರೆಕ್ಕೆಯ ಬುಡದೊಳಗೆ ತೆವಳಿಕೊಂಡು ಹೋಗಿ, ಸಣ್ಣ ತೂತು ಕೊರೆದು, ಪದರಗಳ ನಡುವೆ ಸಿರಿಂಜಿನಿಂದ ರಾಳ ತುಂಬುತ್ತೇನೆ. ಮೊದಲಿದ್ದ ಫೈಬರ್ ರೆಕ್ಕೆಗಳಿಗೆ ಎಷ್ಟೋ ಸಲ ಮಾಡಿದ್ದೇನೆ. ಗ್ರೀಸ್ ಹಾಕಲು ಹೋಗುತ್ತೇನೆ ಎಂದರೆ ಯಾರೂ ಜೊತೆಗೆ ಬರುವುದಿಲ್ಲ. ಈಗ ಗಾಳಿ ಜೋರಿದೆ, ತಿಂಗಳ ಕೊನೆಗೆ ಬೀಳುತ್ತದೆ ಎನ್ನುತ್ತಾರೆ ಅಡುಗೆಯವರು. ಅಲ್ಲಿಯವರೆಗೆ ಆ ರೆಕ್ಕೆ ಗಟ್ಟಿಮನಸ್ಸು ಮಾಡಿಕೊಂಡಿದ್ದರೆ ಸಾಕು.

ಅಣ್ಣನಿಗೆ ಏನೂ ಹೇಳಬೇಡಿ.

ನಿಮ್ಮ ಮರಕುಟಿಗ


ಏಪ್ರಿಲ್ ೨೦

ಒಳಗೆ ಹೋಗಬೇಡ. ಮೊದಲ ಸಾಲಿನಲ್ಲೇ ಬರೆದಿದ್ದೇನೆ, ಮಿಕ್ಕಿದ್ದನ್ನು ಓದದಿದ್ದರೂ ಪರವಾಗಿಲ್ಲ. ಆ ರೆಕ್ಕೆಯೊಳಗೆ ಹೋಗಬೇಡ, ಚಕ್ರ ನಿಲ್ಲಿಸು, ಹೋಗಿ ಕ್ಯಾಪ್ಟನ್‌ಗೆ ಎಲ್ಲ ಹೇಳು.

ಈಗ ಮಿಕ್ಕಿದ್ದು.

ನೀನು ತಿಳಿದುಕೊಂಡ ಹಾಗೆ ಅಲ್ಲ. ನಾನು ಪರೀಕ್ಷೆ ಕೋಣೆಗೆ ಕಾಲಿಡುವ ಎಷ್ಟೋ ಮೊದಲೇ ಹದಿನೇಳನೇ ಬ್ಯಾಚು ಹೊರಟುಹೋಗಿತ್ತು. ಅದನ್ನು ಒತ್ತಿದ್ದು ಡಿಸೆಂಬರಿನಲ್ಲಿ, ಒಣಗಿಸುವ ಕೋಣೆಯ ಫ್ಯಾನು ಕೆಟ್ಟಿದ್ದ ವಾರ. ಆಗ ಪ್ರೆಸ್ಸಿನ ಹತ್ತಿರ ನಿಂತು ಒತ್ತಿಸಿದವರು ನಿನ್ನಣ್ಣ.

ನಿನ್ನ ಮಾರ್ಚ್ ಪತ್ರವನ್ನು ಊಟದ ಹೊತ್ತಿನಲ್ಲಿ ಓದಿ ಹೇಳಿದಾಗ ಅವರ ಕೈ ತಟ್ಟೆಯ ಮೇಲೇ ನಿಂತುಬಿಟ್ಟಿತು. ನಾನು ನೋಡಿದೆ, ನಿನಗೆ ಬರೆಯಲಿಲ್ಲ. ನನ್ನ ಅನುಮಾನ ಸುಳ್ಳಾಗಲಿ ಎಂಬ ಆಸೆಯಿಂದಲೇ ಯಾರಿಗೂ ಹೇಳಬೇಡ ಎಂದು ನಿನಗೆ ಬರೆದದ್ದು. ಆಮೇಲೆ, ಎತ್ತಿಟ್ಟ ತುಂಡುಗಳಿರುವ ಮಾದರಿ ಕೋಣೆಯ ಬೀಗದ ಕೈ ಕೇಳಿದೆ. ಅದು ಇರುವುದು ಅವರ ಹತ್ತಿರವೇ.

"ಯಾಕೆ?" ಎಂದರು.

"ಆ ಫ್ಯಾನು ಕೆಟ್ಟ ವಾರದ ತುಂಡನ್ನ ಕತ್ತರಿಸಿ ನೋಡ್ಬೇಕು."

"ಪಾಸಾಗಿ ಹೋಗಿರೋದು ಅದು. ಮುಗಿದ ಕಥೆ ಯಾಕೆ ಕೆದಕ್ತೀಯ?"

"ಮುಗಿದಿದ್ರೆ ಬೀಗದ ಕೈ ಕೊಡೋಕೇನ್ರೀ ಕಷ್ಟ?"

ನಾಳೆ ನೋಡೋಣ ಎಂದರು. ಮರುದಿನವೂ ನಾಳೆ ಎಂದರು. ನಿನ್ನೆ ನಿನ್ನ ಪತ್ರ ಬಂತು. ನಾನು ಓದಿ ಹೇಳಲಿಲ್ಲ, ಅವರ ಕೈಗೇ ಕೊಟ್ಟೆ. ನೀನು ನನ್ನನ್ನು ಉಳಿಸಲು ಒಬ್ಬನೇ ಒಳಗೆ ಹೋಗುತ್ತೇನೆ ಎಂದು ಬರೆದಿರುವ ಕಡೆ ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟು ಎದ್ದು ಹೋದರು.

ಇವತ್ತು ಬೆಳಿಗ್ಗೆ ಕತ್ತರಿಸಿದೆ. ಗರಗಸ ಅರ್ಧಕ್ಕೆ ಹೋಗುವಷ್ಟರಲ್ಲಿ ತುಂಡು ತಾನಾಗಿಯೇ ಬಾಯಿ ಬಿಟ್ಟಿತು. ಹಸಿ ಹಾಳೆಯ ನೀರು ಪ್ರೆಸ್ಸಿನ ಬಿಸಿಗೆ ಆವಿಯಾಗಿ, ಹೊರಗೆ ಬರಲು ದಾರಿಯಿಲ್ಲದೆ, ಪದರಗಳನ್ನು ಒಳಗಿನಿಂದ ತಳ್ಳಿದೆ. ಹೊರಗೆ ಕನ್ನಡಿಯ ಹಾಗೆ ನುಣುಪು, ಒಳಗೆಲ್ಲ ಗುಳ್ಳೆ. ಅಂಚಿನ ಕಡೆ ಆವಿ ಹೊರಗೆ ಹೋಗುವುದರಿಂದ ಅಲ್ಲಿ ಗಟ್ಟಿ ಇರುತ್ತದೆ. ಆಗ ಪರೀಕ್ಷೆಗೆ ಹೋದದ್ದು ಅಂಚಿನ ತುಂಡು. ಇದು ನಡುವಿನದು. ಉಗುರಿನಿಂದ ಎತ್ತಿದರೆ ಪುಸ್ತಕದ ಹಾಳೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಅದನ್ನು ಹಾಗೆಯೇ ತೆಗೆದುಕೊಂಡು ಹೋಗಿ ಆ ಗಾಜಿನ ಬಾಗಿಲಿನ ಕೋಣೆಯಲ್ಲಿ ಅವರ ಮುಂದೆ ಇಟ್ಟೆ.

"ನಾಲ್ಕೇ ಹಾಳೆ ಹಸಿ ಇತ್ತು" ಎಂದರು. "ಹಡಗು ಕಾಯ್ತಾ ನಿಂತಿತ್ತು. ಹೊತ್ತಿಗೆ ಸರಿಯಾಗಿ ಕಳಿಸ್ಲೇಬೇಕು ಅಂತ ಮೇಲಿನವರು ದಿನಾ ಕೂಗಾಡ್ತಿದ್ರು. ಪ್ರೆಸ್ ಬಿಸಿಗೆ ಅದೂ ಒಣಗತ್ತೆ ಅಂದ್ಕೊಂಡೆ."

"ಅದರ ಕೆಳಗೆ ಯಾರು ನಿಲ್ತಾರೆ ಅಂದ್ಕೊಂಡ್ರಿ?"

"ಇವನನ್ನ ಅಲ್ಲಿಗೆ ಹಾಕ್ತಾರೆ ಅಂತ ನನಗೇನು ಗೊತ್ತಿತ್ತು?"

"ಇವನಲ್ದೆ ಬೇರೆಯವರಾಗಿದ್ರೆ?"

ಅವರು ಗಾಜಿನ ಬಾಗಿಲಿನ ಕಡೆ ತಿರುಗಿದರು. ಆ ಕೋಣೆ, ಆ ಬಾಗಿಲು, ಬಾಗಿಲ ಮೇಲಿನ ಹೆಸರು ಎಲ್ಲ ಬಂದದ್ದು ಹದಿನೇಳನ್ನು ಹೊತ್ತಿಗೆ ಸರಿಯಾಗಿ ಕಳಿಸಿದ್ದಕ್ಕೆ ಎಂದು ನನಗೆ ಆಗ ಹೊಳೆಯಿತು.

ಕೊನೆಗೆ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ನೀನು ಅಲ್ಲಿ ರೆಕ್ಕೆ ಸರಿಯಿಲ್ಲವೆಂದು ಹೇಳಿ ನಿಲ್ಲಿಸಬೇಕು, ಇವರು ಇಲ್ಲಿ ಸದ್ದಿಲ್ಲದೆ ಬೇರೆ ರೆಕ್ಕೆ ಮಾಡಿಸಿ ಕಳಿಸುತ್ತಾರೆ. ಇದು ಸರಿಯೋ ತಪ್ಪೋ ಯೋಚಿಸಲು ನನಗೆ ಈಗ ಶಕ್ತಿಯಿಲ್ಲ. ದೋಣಿ ಶುಕ್ರವಾರ ಹೊರಡುತ್ತದಂತೆ. ನೀನು ನಿಲ್ಲಿಸಿದರೆ ಸಾಕು.

ಅತ್ತಿಗೆ


ಏಪ್ರಿಲ್ ೨೮

ಮರಕುಟಿಗ,

ಮೇಲಿನ ಪತ್ರ ನನ್ನ ಕೈಗೇ ವಾಪಸು ಬಂದಿದೆ. ದೋಣಿಯ ಎಂಜಿನ್ ದಾರಿಯಲ್ಲೇ ಕೆಟ್ಟು, ಎಳೆದುಕೊಂಡು ಬಂದು ದಡಕ್ಕೆ ಕಟ್ಟಿದ್ದಾರೆ. ರಿಪೇರಿಗೆ ಎಷ್ಟು ದಿನ ಎಂದರೆ ಯಾರೂ ಬಾಯಿ ಬಿಡುತ್ತಿಲ್ಲ. ಬಂದರಿಗೆ ಫೋನು ಮಾಡಿ ಬೇರೆ ದೋಣಿ ಕೇಳಿದೆ. ಅಲ್ಲಿಗೆ ಹೋಗುವುದು ಅದೊಂದೇ ಅಂತೆ.

ಇಲ್ಲಿ ಗಾಳಿ ಬಿದ್ದಿದೆ. ಕಾರ್ಖಾನೆಯ ಮಾಡಿನ ಮೇಲಿರುವ ಬಾವುಟ ಬೆಳಿಗ್ಗೆಯಿಂದ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದೆ. ಕೆಲಸದ ನಡುವೆ ಎದ್ದೆದ್ದು ಕಿಟಕಿಗೆ ಹೋಗಿ ಅದನ್ನೇ ನೋಡುತ್ತಿದ್ದೇನೆ. ನಿಮ್ಮಲ್ಲಿಯೂ ಬಿದ್ದಿದೆಯೇ? ಸಮುದ್ರ ತಟ್ಟೆಯ ಹಾಗಿದೆ ಎಂದರು ಬಂದರಿನವರು. ಅವರು ಅದನ್ನು ಒಳ್ಳೆಯ ಸುದ್ದಿಯೆಂದು ಹೇಳಿದರು.

ಉಳಿದಿರುವುದು ಕಂಪನಿಯ ರೇಡಿಯೋ ಒಂದೇ. ಅದರಲ್ಲಿ ಮಾತು ಹೋಗಬೇಕಾದರೆ ಕಾರ್ಖಾನೆಯ ಯಜಮಾನರ ಮುಂದೆ ನಿಂತು ಎಲ್ಲ ಹೇಳಬೇಕು. ಸಂಜೆ ನಿನ್ನಣ್ಣನಿಗೆ ಹೇಳಿದೆ, "ಬೆಳಿಗ್ಗೆ ನೀವು ಹೋಗಿ ಹೇಳಿ. ನೀವು ಹೋಗದಿದ್ರೆ ನಾನು ಹೋಗ್ತೀನಿ."

"ಇನ್ನೆರಡು ದಿನ ನೋಡೋಣ ಕಣೆ. ದೋಣಿ ಸರಿಹೋಗಬಹುದು."

"ಗಾಳಿ ಬಿದ್ದಿದೆ ರೀ."

"ನನ್ನನ್ನ ಬೀದಿಗೆ ತರ್ತೀಯಾ?"

ನಾನು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಬಂದೆ. ಈಗ ಅವರು ಹೊರಗೆ ಕೂತಿದ್ದಾರೆ, ನಾನು ಅಡುಗೆಮನೆಯಲ್ಲಿ ನಿಂತುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಿನಗೆ ಯಾವಾಗ ಸಿಗುತ್ತದೆಂದು ಗೊತ್ತಿಲ್ಲ. ಬರೆದಿಟ್ಟರೆ ಬೆಳಿಗ್ಗೆ ಮನಸ್ಸು ಬದಲಾಗುವುದಿಲ್ಲ ಎಂದು ಬರೆಯುತ್ತಿದ್ದೇನೆ. ಎರಡನ್ನೂ ಒಂದೇ ಕವರಿಗೆ ಹಾಕುತ್ತೇನೆ.

ಅವಸರ ಮಾಡಬೇಡ ಮಾರಾಯ. ನಾಳೆ ಒಂದು ದಿನ ಸೋಮಾರಿಯಾಗಿರು.

ಅತ್ತಿಗೆ


ಮೇ ೮

ಅತ್ತಿಗೆಯವರಿಗೆ,

ದೂರದಲ್ಲಿ ದೋಣಿ ಕಾಣುತ್ತಿದೆ. ಅದು ಬಂದು ಹೋಗುವುದರೊಳಗೆ ಇದನ್ನು ಬರೆದು ಮುಗಿಸಬೇಕು.

ಇಪ್ಪತ್ತೊಂಬತ್ತರ ಬೆಳಿಗ್ಗೆ ಒಂದು ಎಲೆಯೂ ಅಲುಗಾಡುತ್ತಿರಲಿಲ್ಲ. ಗ್ರೀಸ್ ಹಾಕಿ ಬರುತ್ತೇನೆ ಎಂದು ಹೇಳಿ ಮೂರನೇ ಗೋಪುರ ಹತ್ತಿದೆ. ರೆಕ್ಕೆ ಅಡ್ಡಡ್ಡ ನಿಲ್ಲುವಂತೆ ಮಾಡಿ, ಬೀಗ ಹಾಕಿ ಒಳಗೆ ನುಗ್ಗಿದೆ. ತಲೆಗೆ ಕಟ್ಟಿದ ದೀಪವೊಂದೇ ಬೆಳಕು. ಮೊದಲು ಕೂರುವಷ್ಟು ಜಾಗ, ಆಮೇಲೆ ಮಂಡಿಯೂರುವಷ್ಟು, ಆಮೇಲೆ ಹೊಟ್ಟೆಯ ಮೇಲೆ. ಬಡಿದು ನೋಡಿದರೆ ಆ ಜಾಗ ನನಗಿಂತ ಉದ್ದವಾಗಿತ್ತು. ಆದರೂ ಕೊರೆಯಲು ಶುರು ಮಾಡಿದೆ. ಮೂರನೆಯದೋ ನಾಲ್ಕನೆಯದೋ ತೂತು ಕೊರೆಯುತ್ತಿದ್ದಾಗ ಹೊಸ ಬಟ್ಟೆ ಹರಿದ ಹಾಗೆ ಚರ್ರೆಂದು ಸದ್ದಾಯಿತು. ನಿಂತಿತು. ಮತ್ತೆ ಆಯಿತು. ಎಡಗೈಯನ್ನು ಊರಿದ್ದ ಕಡೆ ಮರ ಮೇಲಕ್ಕೆದ್ದು ಕುಸಿಯಿತು, ಎರಡು ಬೆರಳು ಅದರೊಳಗೆ ಸಿಕ್ಕಿಕೊಂಡವು.

ಆ ಹೊತ್ತಿಗೆ ಸೊಂಟದ ವಾಕಿಟಾಕಿಯಲ್ಲಿ ಕ್ಯಾಪ್ಟನ್ ಕೂಗಿದರು. "ಎಲ್ಲಿದೀಯೋ?"

"ಗ್ರೀಸ್ ಹಾಕ್ತಿದೀನಿ ಸರ್."

"ಸುಳ್ಳು ಬೊಗಳಬೇಡ. ರೇಡಿಯೋ ಬಂದಿದೆ, ಕೇಳು" ಎಂದು ಓದಿದರು. ಹದಿನೇಳನೇ ಬ್ಯಾಚು ಅಪಾಯ, ಕೂಡಲೇ ನಿಲ್ಲಿಸಿ, ಒಳಗೆ ಯಾರೂ ಹೋಗಕೂಡದು. ಹಸಿ ಹಾಳೆ ಹಾಕಿ ಒತ್ತಿಸಿದವರು ಪ್ರೆಸ್ ವಿಭಾಗದ ಮುಖ್ಯಸ್ಥರು. ಆಮೇಲೆ ಹೆಸರು. ಅಣ್ಣನ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ. ವಾಕಿಟಾಕಿಯಲ್ಲಿ ಅಡುಗೆಯವರಿಗೂ ಕೇಳಿಸಿತು.

ಕೈ ಹೇಗೆ ಎಳೆದುಕೊಂಡೆನೋ ಗೊತ್ತಿಲ್ಲ. ಹೊರಗೆ ಬಂದೆ. ಬೆರಳುಗಳ ಉಗುರು ಹೋಗಿದೆ, ಮೂಳೆ ಉಳಿದಿದೆ. ಎರಡು ದಿನ ಬಿಟ್ಟು ಬಿರುಗಾಳಿ ಎದ್ದು ಆ ರೆಕ್ಕೆ ಬುಡಕ್ಕೇ ಸೀಳಿ ಬಿತ್ತು. ಅದು ತಗುಲಿ ವಾಲಿದ ರೇಡಿಯೋ ಕಂಬವೂ ಸ್ವಲ್ಪ ಹೊತ್ತಿನಲ್ಲೇ ಉರುಳಿತು. ಅದರ ಕೆಳಗೆ ಯಾರೂ ಇರಲಿಲ್ಲ.

ಇದೆಲ್ಲ ಇರಲಿ. ನಾನು ಬರೆಯಲು ಕೂತದ್ದು ಬೇರೆ. ಯಾರಿಗೂ ಹೇಳಬೇಡ ಎಂದು ಬರೆದವರು ನೀವು. ನಿಮ್ಮ ಮಾತಿಗೆ ನಾನು ಬಾಯಿ ಹೊಲಿದುಕೊಂಡೆ, ಕ್ಯಾಪ್ಟನ್‌ಗೆ ಸುಳ್ಳು ಹೇಳಿದೆ. ಕೊನೆಗೆ ನಿಮ್ಮ ಕುತ್ತಿಗೆಗೆ ಬಂದಾಗ ಅಣ್ಣನ ಹೆಸರು ಕೊಟ್ಟಿರಿ. ಪರೀಕ್ಷೆ ಮಾಡಬೇಕಾದವರು ನೀವಲ್ಲವೇ? ನಿಮ್ಮ ಕಣ್ತಪ್ಪನ್ನು ಅವನ ತಲೆಗೆ ಕಟ್ಟಿದಿರಾ? ಹಸಿ ಹಾಳೆಯನ್ನು ಪ್ರೆಸ್ಸಿಗೆ ಹಾಕುವವನೇ ನನ್ನಣ್ಣ? ಅವನನ್ನು ಹೀಗೆ ಜಗತ್ತಿನ ಮುಂದೆ ಬೆತ್ತಲೆ ಮಾಡಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಇನ್ನು ನನಗೆ ಪತ್ರ ಬರೆಯಬೇಡಿ.


ಮೇ ೧೫

ಪ್ರೀತಿಯ ಮರಕುಟಿಗನಿಗೆ,

ಬೇಡವೆಂದರೂ ಬರೆಯುತ್ತಿದ್ದೇನೆ.

ಇಪ್ಪತ್ತೊಂಬತ್ತರಂದು ಇಲ್ಲಿಂದ ಮಾತು ಹೋದ ಮೇಲೆ, ಮೂರನೇ ಗೋಪುರ ನಿಲ್ಲಿಸಿದ್ದೇವೆ ಎಂದಷ್ಟೇ ನಿಮ್ಮ ಕಡೆಯಿಂದ ಉತ್ತರ ಬಂತು. ನೀನು ಒಳಗಿದ್ದೆಯೋ ಹೊರಗಿದ್ದೆಯೋ ಅದರಲ್ಲಿರಲಿಲ್ಲ. ಮತ್ತೆ ಕೇಳಿಸೋಣವೆಂದರೆ ರೇಡಿಯೋದವನು, ಮನೆ ವಿಷಯ ಬೇಡ ಎಂದ. ಎರಡು ದಿನ ಬಿಟ್ಟು, "ರೆಕ್ಕೆ ಬಿತ್ತು" ಎಂಬ ಎರಡು ಪದ ಕೇಳಿಸಿ ರೇಡಿಯೋ ಸತ್ತುಹೋಯಿತು. ಅಲ್ಲಿಂದ ನಿನ್ನ ಪತ್ರ ಬರುವವರೆಗೆ ನಾನು ಹೇಗಿದ್ದೆ ಎಂದು ಬರೆಯುವುದಿಲ್ಲ. ಕವರಿನ ಮೇಲೆ ನಿನ್ನ ಅಕ್ಷರ ನೋಡಿದಾಗಲೂ ಧೈರ್ಯವಾಗಲಿಲ್ಲ, ಮೊದಲೇ ಬರೆದಿಟ್ಟದ್ದು ಇರಬಹುದಲ್ಲ? ಒಡೆದು ಮೇಲಿನ ತಾರೀಖು ನೋಡಿದೆ. ಮೇ ಎಂಟು. ಆಮೇಲೆ ನೀನು ಬೈದದ್ದನ್ನೆಲ್ಲ ಒಂದಕ್ಷರ ಬಿಡದೆ ಓದಿದೆ. ಬಾಗಿಲಲ್ಲೇ ಕೂತು ಗಟ್ಟಿಯಾಗಿ ಅತ್ತೆ. ಅಂಚೆಯವನು ಕೆಟ್ಟ ಸುದ್ದಿಯೆಂದು ತಿಳಿದು ಸಮಾಧಾನ ಮಾಡಲು ನಿಂತ. "ಇಲ್ಲಪ್ಪ, ನನ್ನ ಮೈದುನ ನನ್ನನ್ನ ಬೈದಿದಾನೆ" ಎಂದೆ. ಅವನು ಒಂದು ಥರ ನೋಡಿಕೊಂಡು ಹೋದ.

ಇಷ್ಟು ಹೊತ್ತಿಗೆ ಅದೇ ದೋಣಿ ತಂದ ನನ್ನ ಎರಡು ಪತ್ರಗಳನ್ನು ಓದಿರುತ್ತೀಯ. ಓದಿ ನಾಚಿಕೊಂಡು ಮೂಲೆಯಲ್ಲಿ ಕೂತಿದ್ದರೆ ಎದ್ದೇಳು. ಯಾರಿಗೂ ಹೇಳಬೇಡ ಎಂದು ಬರೆದದ್ದು ನಾನೇ. ಅದರ ಮಟ್ಟಿಗೆ ನಿನ್ನ ಬೈಗುಳ ನನಗೆ ಸಲ್ಲುತ್ತದೆ.

ಹೆಸರಿನ ವಿಷಯ ಮಾತ್ರ ನಿನಗೆ ಗೊತ್ತಾಗಬೇಕು. ಆ ಬೆಳಿಗ್ಗೆ ನಾನು ಒಬ್ಬಳೇ ಹೋದೆ. ಕಾರ್ಖಾನೆಯ ಯಜಮಾನರ ಮೇಜಿನ ಮೇಲೆ ಆ ತುಂಡನ್ನಿಟ್ಟು, ಹದಿನೇಳು ಹೀಗಿದೆ, ಕೂಡಲೇ ರೇಡಿಯೋದಲ್ಲಿ ಹೇಳಿ ಎಂದೆ. ಅವರು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, "ಇದಕ್ಕೆ ಹೊಣೆ ಯಾರಮ್ಮ?" ಎಂದರು. "ಅದು ಆಮೇಲೆ ನೋಡಿ ಸರ್, ಮೊದಲು ಹೇಳಿ ಕಳಿಸಿ" ಎಂದೆ.

ಹಿಂದಿನಿಂದ, "ನಾನು" ಎಂದು ಕೇಳಿಸಿತು. ತಿರುಗಿ ನೋಡಿದರೆ ನಿನ್ನಣ್ಣ ಬಾಗಿಲಲ್ಲಿ ನಿಂತಿದ್ದರು. ನನ್ನ ಹಿಂದೆಯೇ ಬಂದಿದ್ದರೋ, ಆಗಷ್ಟೇ ಬಂದರೋ ಇವತ್ತಿಗೂ ನಾನು ಕೇಳಿಲ್ಲ.

ಯಜಮಾನರು ಒಂದು ಸಾಲು ಬರೆದುಕೊಟ್ಟರು. ರೆಕ್ಕೆ ಸರಿಯಿಲ್ಲ, ನಿಲ್ಲಿಸಿ, ಅಷ್ಟೇ. ಹೆಸರು ಇರಲಿಲ್ಲ, ಕಂಪನಿಗೂ ಅದು ಬೇಕಿರಲಿಲ್ಲ. ನಿನ್ನಣ್ಣ ಆ ಚೀಟಿ ಓದಿ ವಾಪಸು ಕೊಟ್ಟರು.

"ಇಷ್ಟು ಸಾಲಲ್ಲ ಸರ್. ನನ್ನ ಹೆಸರು ಹಾಕಿ."

"ಯಾಕಯ್ಯಾ? ವಿಚಾರಣೆ ಆಗೋವಾಗ ನೋಡಿದ್ರಾಯ್ತು."

"ನನ್ನ ತಮ್ಮ ಅಲ್ಲಿದಾನೆ. ಇದು ಅವನ ಅತ್ತಿಗೆಯ ತಪ್ಪು ಅಂದ್ಕೊಂಡಿದಾನೆ. ನಿಲ್ಲಿಸಿ ಅಂತ ಬರೀ ಇಷ್ಟೇ ಹೇಳಿದ್ರೆ, ಇವಳನ್ನ ಉಳಿಸ್ಬೇಕು ಅಂತ ಇನ್ನೂ ಬೇಗ ಬೇಗ ಕೊರೀತಾನೆ, ಹೊರಗೆ ಬರಲ್ಲ. ನನ್ನ ಹೆಸರು ಕೇಳಿದ್ರೆ ಬರ್ತಾನೆ. ನನ್ನ ಮೇಲೆ ಸಿಟ್ಟು ಬಂದಾದ್ರೂ ಬರ್ತಾನೆ. ನಮ್ಮಪ್ಪನ ಹೆಸರೂ ಸೇರಿಸಿ, ಬೇರೆ ಯಾರೋ ಅಂದ್ಕೊಂಡುಬಿಟ್ಟಾನು."

ರೇಡಿಯೋದವನ ಪಕ್ಕದಲ್ಲಿ ನಿಂತು, ಅವನು ಹೆಸರು ಓದಿ ಮುಗಿಸುವವರೆಗೆ ಅಲ್ಲಿಂದ ಕದಲಲಿಲ್ಲ. ಇಡೀ ಕಚೇರಿ ಕೇಳಿಸಿಕೊಂಡಿತು.

ಅವರನ್ನು ಹುದ್ದೆಯಿಂದ ಇಳಿಸಿದ್ದಾರೆ. ವಿಚಾರಣೆ ನಡೆಯುತ್ತಿದೆ, ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಮನೆಯಲ್ಲಿ ನಾವು ಮಾತಾಡುತ್ತೇವೆ, ಉಪ್ಪು ಕೊಡಿ, ಬಾಗಿಲು ಹಾಕಿ, ಇಷ್ಟು. ಅವರನ್ನು ಕ್ಷಮಿಸು ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ನಾನೇ ಇನ್ನೂ ಕ್ಷಮಿಸಿಲ್ಲ. ನಿನ್ನ ಬದಲು ಬೇರೆ ಯಾರದೋ ತಮ್ಮ ಆ ಗೋಪುರದಲ್ಲಿದ್ದಿದ್ದರೆ ಆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರೇ ಎಂದು ಕೇಳಬೇಕೆನಿಸುತ್ತದೆ. ಏನು ಹೇಳಿಬಿಡುತ್ತಾರೋ ಎಂಬ ಭಯಕ್ಕೆ ಕೇಳುವುದಿಲ್ಲ.

ಹದಿನೇಳರ ರೆಕ್ಕೆಗಳು ಐದನೆಯ, ಆರನೆಯ ಗೋಪುರಗಳ ಮೇಲೂ ಇವೆಯಂತೆ. ಅವನ್ನು ಇಳಿಸಲು ಕಾರ್ಖಾನೆಯಿಂದ ಒಂದು ತಂಡ ಬರುತ್ತಿದೆ. ಅದರಲ್ಲಿ ಹಗ್ಗ ಹಿಡಿಯಲು ಒಬ್ಬರು ಕಡಿಮೆಯಿದ್ದರು. ನಾನು ಹೋಗುತ್ತೇನೆ ಎಂದು ಇವರೇ ಕೇಳಿಕೊಂಡರು.

ಈ ಪತ್ರವನ್ನು ಅಂಚೆಗೆ ಹಾಕಿಲ್ಲ. ನಿನ್ನ ಕೈಗೆ ಇದನ್ನು ಕೊಟ್ಟವರು ಈಗ ನಿನ್ನ ಮುಂದೆಯೇ ನಿಂತಿದ್ದಾರೆ. ನೀನು ಏನು ಹೇಳುತ್ತೀಯೋ ಎಂದು ದಾರಿಯುದ್ದಕ್ಕೂ ಹೆದರಿಕೊಂಡು ಬಂದಿರುತ್ತಾರೆ, ಅದರ ಮೇಲೆ ದೋಣಿ ಬೇರೆ ಅವರಿಗೆ ಆಗಿಬರುವುದಿಲ್ಲ. ಏನು ಹೇಳಬೇಕೆಂದಿದ್ದೀಯೋ ಹೇಳು, ನಾನು ಅಡ್ಡ ಬರುವುದಿಲ್ಲ. ಮೊದಲು ಕೂರಿಸಿ, ಕುಡಿಯಲು ಒಂದು ಲೋಟ ನೀರು ಕೊಡು.

ಅತ್ತಿಗೆ